ಉಡಾವಣೆ ವಿಫಲವಾದಾಗ ಕಾರಣ ಹುಡುಕುವುದು ಹೇಗೆ? ತುಮಕೂರಿನ ಭಾನುವಾರದ ತರಗತಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

2025ರ ಮೇ 18 ಭಾನುವಾರ. ಬೆಳಗಿನ ಜಾವ ಆರು ಗಂಟೆಗೆ ಒಂದು ನಿಮಿಷ ಮುಂಚೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಹೊರಟಿತು. ರಾಕೆಟ್ ಎಂದರೆ ಒಂದರ ಮೇಲೊಂದು ಕೂತ ಹಂತಗಳು, ಒಂದು ಉರಿದು ಕಳಚಿದ ಮೇಲೆ ಇನ್ನೊಂದು. ಮೊದಲೆರಡು ಹಂತ ಸರಿಯಾಗಿಯೇ ಉರಿದವು. ಮೂರನೇ ಹಂತ ಉರಿಯುತ್ತಿರುವಾಗ ಮೋಟರ್ ಕೇಸಿನೊಳಗಿನ, ಅಂದರೆ ಇಂಧನ ಉರಿಯುವ ಕವಚದೊಳಗಿನ, ಒತ್ತಡ ಕುಸಿದು, ಇಒಎಸ್-09 ಉಪಗ್ರಹ ಕಕ್ಷೆ ಸೇರಲಿಲ್ಲ. ಹತ್ತು ಗಂಟೆಗೆ ನಮ್ಮ ತರಗತಿಗೆ ಬಂದ ಮಕ್ಕಳು ಪಾಠದ ಪುಸ್ತಕ ತೆಗೆಯಲೇ ಇಲ್ಲ. ಅವರ ಜೊತೆ ಬಂದಿದ್ದ ಅಪ್ಪ ಅಮ್ಮಂದಿರೂ ಬಾಗಿಲಲ್ಲೇ ನಿಂತು ಕೇಳಿದರು. ಆಮೇಲೆ ಎಷ್ಟೋ ಭಾನುವಾರ ಅವೇ ಪ್ರಶ್ನೆಗಳು ಬಂದಿವೆ. ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ನನ್ನ ಬಗ್ಗೆ ಎರಡು ಮಾತು. ನಾನು ರಾಕೆಟ್ ವಿಜ್ಞಾನಿಯಲ್ಲ. ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 27 ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದೆ. ವಾಲ್ವಿನ ಭಾಗಗಳನ್ನು ಅಳೆದು ಪಾಸ್ ಮಾಡುವುದು, ಇಲ್ಲವೇ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ನನ್ನ ಕೆಲಸ. ಇಸ್ರೋ ಹೊರಗೆ ಬಿಟ್ಟ ತನಿಖಾ ವರದಿಗಳ ಸಾರವನ್ನು ಆ ಕಣ್ಣಿನಿಂದಲೇ ಓದುತ್ತೇನೆ.

ರಾಕೆಟ್ಟೇ ಸಮುದ್ರದ ಪಾಲಾದ ಮೇಲೆ ಏನನ್ನಿಟ್ಟುಕೊಂಡು ತನಿಖೆ ಮಾಡ್ತಾರೆ ಸಾರ್?

ಇದನ್ನು ಕೇಳದ ಮಗುವಿಲ್ಲ. ವಿಮಾನ ಬಿದ್ದರೆ ಬ್ಲ್ಯಾಕ್ ಬಾಕ್ಸ್ ಹುಡುಕುತ್ತಾರೆ. ರಾಕೆಟ್ ಹಾರುತ್ತಿರುವಾಗಲೇ ತನ್ನ ಮೈಯ ಸಮಾಚಾರವನ್ನೆಲ್ಲ ರೇಡಿಯೋದಲ್ಲಿ ನೆಲಕ್ಕೆ ಒಪ್ಪಿಸುತ್ತಾ ಹೋಗುತ್ತದೆ. ಇದೇ ಟೆಲಿಮೆಟ್ರಿ. ಟ್ಯಾಂಕಿನ ಒತ್ತಡ, ಪಂಪಿನ ವೇಗ, ಗೋಡೆಯ ಬಿಸಿ, ಅಲುಗಾಟ, ಬ್ಯಾಟರಿಯ ವೋಲ್ಟೇಜು, ಯಾವ ಆಜ್ಞೆ ಯಾವ ಕ್ಷಣಕ್ಕೆ ಹೊರಟಿತು ಎಂಬುದೆಲ್ಲ ಅದರಲ್ಲಿರುತ್ತದೆ. ಶ್ರೀಹರಿಕೋಟಾ ದಾಟಿದ ಮೇಲೆ ಪೋರ್ಟ್ ಬ್ಲೇರ್, ಬ್ರೂನೈ, ಇಂಡೋನೇಷ್ಯಾದ ಬಿಯಾಕ್‌ನಂಥ ನೆಲಕೇಂದ್ರಗಳು ಒಂದರ ನಂತರ ಒಂದು ಅದರ ಮಾತು ಕೇಳಿಸಿಕೊಳ್ಳುತ್ತವೆ. ಇದರ ಜೊತೆಗೆ ರಾಡಾರ್ ಬರೆದ ದಾರಿ ಇರುತ್ತದೆ, ಕ್ಯಾಮೆರಾ ಚಿತ್ರಗಳಿರುತ್ತವೆ.

ಇಷ್ಟು ಆಕಾಶದ ಸಾಕ್ಷಿ. ನೆಲದ ಸಾಕ್ಷಿಯೂ ಇದೆ, ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ. ಬಿದ್ದುಹೋದ ರಾಕೆಟ್ಟಿನ ಪ್ರತಿಯೊಂದು ಭಾಗಕ್ಕೂ ಒಂದು ಜಾತಕವಿರುತ್ತದೆ. ಯಾವ ಲೋಹ, ಯಾವ ಬ್ಯಾಚು, ಯಾರು ತಿರುಗಿಸಿದರು, ಯಾರು ಅಳೆದರು, ಪರೀಕ್ಷೆಯಲ್ಲಿ ಎಷ್ಟು ಬಂತು, ಜೋಡಿಸುವಾಗ ಯಾರು ನಿಂತು ನೋಡಿ ಸಹಿ ಹಾಕಿದರು ಎಂದು ಬರೆದಿಟ್ಟಿರುತ್ತಾರೆ. ಅದೇ ಬ್ಯಾಚಿನ ಇನ್ನಷ್ಟು ಭಾಗಗಳು ಗೋದಾಮಿನಲ್ಲೋ ಮುಂದಿನ ರಾಕೆಟ್ಟಿನಲ್ಲೋ ಇರುತ್ತವೆ. ತನಿಖೆಯ ಮೊದಲ ದಿನವೇ ಈ ಕಡತಗಳಿಗೆ ಬೀಗ ಹಾಕುವ ಕ್ರಮ ಇರುವುದು ಇದಕ್ಕೇ. ಯಾರೂ ಒಂದು ಅಂಕಿಯನ್ನೂ ತಿದ್ದಬಾರದು, ಒಂದು ಬಿಡಿಭಾಗವನ್ನೂ ಮುಟ್ಟಬಾರದು.

ತನಿಖೆ ಮಾಡುವವರು ಯಾರು?

ಪೊಲೀಸರಂತೂ ಅಲ್ಲ. ನಮ್ಮಲ್ಲಿ ವೈಫಲ್ಯ ವಿಶ್ಲೇಷಣಾ ಸಮಿತಿ ಅಂತ ರಚಿಸುತ್ತಾರೆ. 2006ರ ಜಿಎಸ್‌ಎಲ್‌ವಿ-ಎಫ್02 ವೈಫಲ್ಯಕ್ಕೆ ಶ್ರೀಹರಿಕೋಟಾ ಕೇಂದ್ರದ ನಿರ್ದೇಶಕರಾಗಿದ್ದ ಕೆ. ನಾರಾಯಣ ಅವರ ಅಧ್ಯಕ್ಷತೆಯ ಸಮಿತಿ ಇತ್ತು. 2010ರ ಡಿಸೆಂಬರಿನ ಎಫ್06 ವೈಫಲ್ಯಕ್ಕೆ ಇಸ್ರೋದ ಮಾಜಿ ಅಧ್ಯಕ್ಷ ಜಿ. ಮಾಧವನ್ ನಾಯರ್ ಅವರ ಸಮಿತಿ. ಆ ರಾಕೆಟ್ಟನ್ನು ಕಟ್ಟಿದ ಕೈಗಳೇ ತೀರ್ಪೂ ಬರೆಯಬಾರದು. ಆದರೆ ಕಟ್ಟಿದವರು ಪಕ್ಕದಲ್ಲಿ ಕೂರದೆ ಇದ್ದರೆ ಒಂದು ಗ್ರಾಫನ್ನೂ ಓದಲಾಗುವುದಿಲ್ಲ. ಎರಡನ್ನೂ ತೂಗಿಸಿಕೊಂಡು ಹೋಗುವುದರಲ್ಲೇ ಸಮಿತಿಯ ಅಧ್ಯಕ್ಷರ ಜಾಣ್ಮೆ ಇರುವುದು.

ಕಾರಣ ಹುಡುಕುವ ಕೆಲಸ ಹೆಜ್ಜೆ ಹೆಜ್ಜೆಯಾಗಿ ಹೇಗೆ ನಡೆಯುತ್ತದೆ?

ಒಂದು ನಿಜವಾದ ಪ್ರಕರಣ ಹಿಡಿದೇ ಹೇಳುತ್ತೇನೆ. 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ-ಎಫ್10 ಇಒಎಸ್-03 ಉಪಗ್ರಹ ಹೊತ್ತು ಹೊರಟಿತು. ಮೊದಲ ಹಂತ, ಎರಡನೇ ಹಂತ ಎರಡೂ ಸರಿ. ಮೂರನೆಯದಾದ ಕ್ರಯೋಜೆನಿಕ್ ಹಂತ, ಅಂದರೆ ಅತಿ ತಣ್ಣಗಿನ ದ್ರವ ಇಂಧನದ ಹಂತ, ಹೊತ್ತಿಕೊಂಡು ಎಳೆಯಬೇಕಾದ ಕ್ಷಣದಲ್ಲಿ ಎಂಜಿನ್ ಏಳಲಿಲ್ಲ. ರಾಕೆಟ್ಟಿನೊಳಗಿನ ಕಂಪ್ಯೂಟರ್ ತಾನೇ ಕಾರ್ಯಾಚರಣೆ ಕೈಬಿಟ್ಟಿತು.

ಮೊದಲ ಕೆಲಸ ಗಡಿಯಾರ ಹೊಂದಿಸುವುದು. ಬೇರೆ ಬೇರೆ ಕೇಂದ್ರಗಳು ಹಿಡಿದ ಎಲ್ಲ ದಾಖಲೆಗಳನ್ನೂ ಒಂದೇ ಕಾಲರೇಖೆಯ ಮೇಲೆ ಕೂರಿಸಿ, ಯಾವುದು ಮೊದಲು ಕೆಟ್ಟಿತು, ಯಾವುದು ಅದರ ಪರಿಣಾಮ ಎಂದು ಬಿಡಿಸಬೇಕು. ಮನೆಯಲ್ಲಿ ಫ್ಯೂಸ್ ಹೋದಾಗ ದೀಪ ಮೊದಲು ಹೋಯಿತೋ, ಮೋಟರ್ ಮೊದಲು ನಿಂತಿತೋ ಎಂದು ನೆನಪು ಮಾಡಿಕೊಳ್ಳುವುದಿಲ್ಲವೇ, ಹಾಗೆ. ಇಲ್ಲಿ ಲೆಕ್ಕ ಮಿಲಿಸೆಕೆಂಡುಗಳಲ್ಲಿ.

ಕಾಲರೇಖೆ ನೋಡಿದಾಗ ಕಂಡದ್ದು ಸೋಜಿಗದ ಸಂಗತಿ. ಎಂಜಿನ್ ಕೈಕೊಟ್ಟದ್ದು ಹೊರಟ ಐದು ನಿಮಿಷದ ಆಸುಪಾಸಿನಲ್ಲಿ. ಆದರೆ ದ್ರವ ಜಲಜನಕದ ಟ್ಯಾಂಕಿನಲ್ಲಿ ಏರಬೇಕಾದ ಒತ್ತಡ ನೆಲ ಬಿಟ್ಟ ಮೇಲೆ ಏರಬೇಕಾದಂತೆ ಏರಿಯೇ ಇರಲಿಲ್ಲ. ಕೆಳಗಿನ ಹಂತಗಳು ಅಬ್ಬರಿಸುತ್ತಿದ್ದಾಗ ಮೇಲಿನ ಹಂತ ಸದ್ದಿಲ್ಲದೆ ಸೋರುತ್ತಿತ್ತು.

ಆಮೇಲೆ ಮರ ಬರೆಯುತ್ತಾರೆ. ದೋಷವೃಕ್ಷ ಎನ್ನಬಹುದು, ಅವರ ಬಾಯಲ್ಲಿ ಫಾಲ್ಟ್ ಟ್ರೀ. ಮೇಲ್ಗಡೆ 'ಒತ್ತಡ ಕಡಿಮೆ' ಎಂದು ಬರೆದು, ಕೆಳಗೆ ಅದಕ್ಕೆ ಇರಬಹುದಾದ ಎಲ್ಲ ಕಾರಣಗಳ ಕೊಂಬೆಗಳು. ಟ್ಯಾಂಕ್ ಬಿರುಕು ಬಿಟ್ಟಿರಬಹುದೇ? ಒತ್ತಡ ಅಳೆಯುವ ಸೆನ್ಸರೇ ಸುಳ್ಳು ಹೇಳಿರಬಹುದೇ? ಪೈಪಿನ ಜೋಡಣೆ ಸಡಿಲವೇ? ವಾಲ್ವ್ ಪೂರ್ತಿ ಮುಚ್ಚಿಕೊಳ್ಳಲಿಲ್ಲವೇ? ಪ್ರತಿ ಕೊಂಬೆಗೂ ಪುರಾವೆ ಕೇಳಬೇಕು. ಹಾಗಿದ್ದಿದ್ದರೆ ಇನ್ನೊಂದು ಕಡೆ ಈ ಅಂಕಿ ಹೀಗೆ ಬರಬೇಕಿತ್ತು, ಬಂದಿಲ್ಲ, ಆದ್ದರಿಂದ ಈ ಕೊಂಬೆ ಕತ್ತರಿಸು ಎಂದು ಸಾಗಬೇಕು. ಕೊನೆಗೆ ಕತ್ತರಿಸಲಾಗದೆ ಉಳಿದ ಕೊಂಬೆ ಒಂದು ವಾಲ್ವಿನದು.

ಆ ವಾಲ್ವನ್ನು ನಮ್ಮ ಕ್ಯಾತ್ಸಂದ್ರದ ಕಡೆಯ ಮಕ್ಕಳಿಗೆ ಸುಲಭವಾಗಿ ಅರ್ಥ ಮಾಡಿಸಬಹುದು. ಪ್ರೆಷರ್ ಕುಕ್ಕರಿನ ಮೇಲಿನ ವಿಷಲ್ ಏನು ಮಾಡುತ್ತದೆ? ಒತ್ತಡ ಹೆಚ್ಚಾದಾಗ ತೆರೆದು ಹೊರಗೆ ಬಿಡುತ್ತದೆ, ಇಲ್ಲದಿದ್ದರೆ ಗಟ್ಟಿಯಾಗಿ ಕೂತಿರುತ್ತದೆ. ವಿಷಲ್ಲಿನ ಕೆಳಗೆ ಒಂದು ಅಕ್ಕಿಕಾಳು ಸಿಕ್ಕಿಕೊಂಡರೆ ಸುಯ್ ಎಂದು ಹಬೆ ಹೋಗುತ್ತಲೇ ಇರುತ್ತದೆ, ಬೇಳೆ ಬೇಯುವುದಿಲ್ಲ. ಜಲಜನಕದ ಟ್ಯಾಂಕಿನ ಮೇಲಿನ ವಾಲ್ವೂ ಅದೇ ಜಾತಿ. ಅದರ ಮೆದುವಾದ ಸೀಲಿಗೆ ಪೆಟ್ಟು ಬಿದ್ದಿರಬೇಕು, ವಾಲ್ವ್ ತೆರೆದು ಮುಚ್ಚುವಾಗಲೋ, ಕಸ ಸೇರಿಯೋ, ಅಷ್ಟು ಚಳಿಯಲ್ಲಿ ಜೋಡಣೆಯ ಬಿಗಿತದಿಂದಲೋ ಎಂದು ಸಮಿತಿ ಹೇಳಿತು. ದ್ರವ ಜಲಜನಕ ಇರುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟ್ಯಾಂಕಿನಲ್ಲಿ ಒತ್ತಡ ಸಾಲದೆ ಒಳಗಿನ ಚಿಕ್ಕ ಬೂಸ್ಟರ್ ಪಂಪು ಸರಿಯಾಗಿ ನಡೆಯಲಿಲ್ಲ, ಅದು ಎತ್ತಿ ಕೊಡದೆ ಮುಖ್ಯ ಪಂಪಿಗೆ ಇಂಧನ ಸಾಲಲಿಲ್ಲ.

ಇಲ್ಲಿಗೆ ಮುಗಿಯಿತೇ? ಇಲ್ಲ. ಕೊನೆಯ ಹೆಜ್ಜೆ ನೆಲದ ಮೇಲೆ ಆ ದೋಷವನ್ನು ಮತ್ತೆ ಹುಟ್ಟಿಸುವುದು. ಹಾರಾಟದ ಸ್ಥಿತಿಯನ್ನೇ ಹೋಲುವಂತೆ ಪರೀಕ್ಷೆ ಮಾಡಿ, ಅದೇ ಬಗೆಯ ಗೆರೆ ಗ್ರಾಫಿನಲ್ಲಿ ಬರುತ್ತದೆಯೇ ನೋಡಬೇಕು. ಎಫ್10ರಲ್ಲಿ ಕಂಪ್ಯೂಟರ್ ಲೆಕ್ಕವೂ ನೆಲದ ಪರೀಕ್ಷೆಗಳೂ ಹೊಂದಿದವು. ದೋಷ ಮತ್ತೆ ಹುಟ್ಟದಿದ್ದರೆ, ಎಷ್ಟೇ ಸೊಗಸಾದ ವಿವರಣೆಯಾದರೂ ಅದು ಊಹೆಯೇ.

ಹಾಗಾದರೆ 'ಬಹುಶಃ ಇದೇ ಕಾರಣ' ಎಂದು ವರದಿಯಲ್ಲಿ ಬರೆಯುವುದು ಜಾರಿಕೊಳ್ಳುವುದಲ್ಲವೇ?

ನನಗೆ ಈ ಪ್ರಶ್ನೆ ಕೇಳಿದವರು ಒಬ್ಬ ಮೇಷ್ಟ್ರು. ಇಲ್ಲ ಸ್ವಾಮಿ, ಅದು ಪ್ರಾಮಾಣಿಕತೆ. ವಾಲ್ವ್ ಸಮುದ್ರದ ತಳದಲ್ಲಿದೆ. ಸೀಲನ್ನು ಕೈಯಲ್ಲಿ ಹಿಡಿದು ನೋಡದೆ 'ಕಸದಿಂದಲೇ' ಎಂದು ಬರೆದರೆ ಮುಂದಿನ ಸಲ ಕಸವನ್ನಷ್ಟೇ ತಡೆಯುತ್ತಾರೆ. ಮೂರು ದಾರಿ ತೆರೆದಿದ್ದರೆ ಮೂರನ್ನೂ ಮುಚ್ಚಬೇಕು.

ಅಂಗೈಯಗಲದ ಭಾಗ ಕೆಟ್ಟರೆ ಅಷ್ಟೆತ್ತರದ ರಾಕೆಟ್ ಬೀಳುತ್ತದೆಯೇ?

ಬೀಳುತ್ತದೆ. 2006ರ ಜುಲೈ 10ರ ಎಫ್02 ನನ್ನ ನಿದ್ದೆ ಕೆಡಿಸಿದ ಪ್ರಕರಣ. ಇನ್ಸಾಟ್-4ಸಿ ಹೊತ್ತು ಹೊರಟ 0.2 ಸೆಕೆಂಡಿಗೇ ನಾಲ್ಕು ಪಕ್ಕದ ಎಂಜಿನ್‌ಗಳಲ್ಲಿ ಒಂದು ಬಲ ಕಳೆದುಕೊಂಡಿತು. ಉಳಿದ ಮೂರರಲ್ಲೇ ಸುಮಾರು 50 ಸೆಕೆಂಡು ರಾಕೆಟ್ ತನ್ನನ್ನು ತಾನು ನೆಟ್ಟಗೆ ಹಿಡಿದುಕೊಂಡಿತ್ತು. ಅದನ್ನು ಓದಿದಾಗ ಗಂಟಲು ಕಟ್ಟಿತು, ಕಾಲು ಮುರಿದ ಎತ್ತು ಗಾಡಿ ಎಳೆದ ಹಾಗೆ. ಶಬ್ದದ ವೇಗದ ಹತ್ತಿರ ಬಂದಾಗ ಗಾಳಿಯ ಹೊಡೆತ ಹೆಚ್ಚಾಗಿ, ಓರೆಯಾಗಿ, ಒಡೆದುಹೋಯಿತು.

ಕಾರಣ, ಆ ಎಂಜಿನ್ನಿನ ಗ್ಯಾಸ್ ಜನರೇಟರಿಗೆ (ಪಂಪು ತಿರುಗಿಸುವ ಬಿಸಿ ಅನಿಲ ತಯಾರಿಸುವ ಭಾಗ) ಇಂಧನ ಅಳೆದು ಬಿಡುವ ಒಂದು ರೆಗ್ಯುಲೇಟರು. ಮುಚ್ಚಿದ ಸ್ಥಿತಿಯಲ್ಲೂ ಅದು ಬಿಡಬೇಕಾದ್ದಕ್ಕಿಂತ ತುಂಬಾ ಹೆಚ್ಚು ಹರಿಯಬಿಡುತ್ತಿತ್ತು. ತಯಾರಿಕೆಯಲ್ಲಿ ಗೊತ್ತಿಲ್ಲದೆ ಆದ ತಪ್ಪು, ಆಮೇಲಿನ ಇನ್ಸ್‌ಪೆಕ್ಷನ್ನಿಗೂ ಪರೀಕ್ಷೆಗೂ ಸಿಗದೆ ತಪ್ಪಿಸಿಕೊಂಡಿರಬೇಕು ಎಂದು ಸಮಿತಿ ಹೇಳಿತು. 'ಇನ್ಸ್‌ಪೆಕ್ಷನ್ನಿಗೆ ಸಿಗದೆ' ಎಂಬ ಆ ಮಾತನ್ನು ಪೇಪರಿನಲ್ಲಿ ಎಷ್ಟು ಸಲ ಓದಿದೆನೋ.

ಯಾಕೆಂದರೆ ನನಗೂ ಹಾಗಾಗಿತ್ತು. ನಾವು ಕಳಿಸಿದ ಹಿತ್ತಾಳೆ ವಾಲ್ವ್ ಸೀಟುಗಳ ಒಂದು ಲಾಟು ವಾಪಸ್ ಬಂತು. ರಂಧ್ರ ಚಿಕ್ಕದು, ಶಾಫ್ಟ್ ಹೋಗುವುದಿಲ್ಲ. ಎಲ್ಲರ ಬೆರಳೂ ಲೇತ್ ಮೇಲಿದ್ದ ಹುಡುಗನ ಕಡೆಗೆ ಹೋಯಿತು. ಅವನು ಗುಬ್ಬಿ ಕಡೆಯಿಂದ ದಿನಾ ಬಸ್ಸಿಗೆ ಬರುತ್ತಿದ್ದ, ಮಾತು ಕಡಿಮೆ. ಮೂರು ದಿನ ಅವನ ಟೂಲು, ಅವನ ಸೆಟ್ಟಿಂಗು, ಅವನ ಶಿಫ್ಟು ಎಂದು ಹುಡುಕಿದೆವು. ನಾಲ್ಕನೇ ದಿನ ಅದೇ ಸೀಟನ್ನು ಬೇರೆ ಗೇಜಿನಲ್ಲಿ ಅಳೆದೆ, ಒಳಗೆ ಹೋಗಲಿಲ್ಲ. ನನ್ನ ಗೇಜಿನಲ್ಲಿ ಸಲೀಸಾಗಿ ಹೋಯಿತು. ರಂಧ್ರಕ್ಕೆ ತೂರಿಸಿ ಅಳತೆ ನೋಡುವ ಪ್ಲಗ್ ಗೇಜು ಅದು. ಒಳಗೆ ಹೋದರೆ ರಂಧ್ರ ಸರಿ ಎನ್ನುವ ಅದರ 'ಗೋ' ತುದಿ ಸವೆದು ಸಣ್ಣಗಾಗಿತ್ತು, ಚಿಕ್ಕ ರಂಧ್ರಕ್ಕೂ ಸೈ ಎನ್ನುತ್ತಿತ್ತು. ಹಿಡಿಗೆ ಕಟ್ಟಿದ್ದ ಕ್ಯಾಲಿಬ್ರೇಷನ್ ಚೀಟಿ ಎಣ್ಣೆ ಜಿಡ್ಡಿನಲ್ಲಿ ಕಪ್ಪಾಗಿತ್ತು. ಬಟ್ಟೆಯಲ್ಲಿ ಒರೆಸಿದರೆ ಗೇಜನ್ನು ಮತ್ತೆ ಪರೀಕ್ಷಿಸಬೇಕಾದ ತಾರೀಖು ದಾಟಿ ಐದು ತಿಂಗಳಾಗಿತ್ತು. ಹುಡುಗನ ಮೆಷಿನ್ ಸೆಟ್ ಮಾಡಿದ್ದೂ ಅದೇ ಗೇಜಿನಿಂದ. ಅವನ ಕೈ ಹಿಡಿದು ತಪ್ಪು ನನ್ನದಪ್ಪಾ ಎಂದೆ. ಗೇಜನ್ನು ಯಾರು ಅಳೆಯುತ್ತಾರೆ ಎಂದು ಅಲ್ಲಿಯವರೆಗೆ ನಾನು ಕೇಳಿಕೊಂಡೇ ಇರಲಿಲ್ಲ. ಎಫ್02ರ ಸಮಿತಿಯಂಥವು ಕೇಳುವುದು ಆ ಪ್ರಶ್ನೆಯನ್ನು. ತಪ್ಪು ಭಾಗ ತಯಾರಾದದ್ದು ಒಂದು ಕಥೆ, ಅದು ಪಾಸಾದದ್ದು ಹೇಗೆ ಎಂಬುದು ಇನ್ನೊಂದು, ಎರಡನೆಯದು ಹೆಚ್ಚು ಕಷ್ಟದ್ದು.

ಎಫ್02 ಬಿದ್ದ ಮೇಲೆ ಮುಂದಿನ ಜಿಎಸ್‌ಎಲ್‌ವಿ 2007ರ ಸೆಪ್ಟೆಂಬರ್ 2ರಂದು ಇನ್ಸಾಟ್-4ಸಿಆರ್ ಹೊತ್ತು ಹೋಯಿತು.

ಟಿವಿಯಲ್ಲಿ ಅದೇ ದಿನ ಕಾರಣ ಹೇಳಿಬಿಡುತ್ತಾರಲ್ಲ, ಸಮಿತಿ ಯಾಕೆ ಬೇಕು?

ಅದೇ ದಿನ ಹೇಳುವುದು 'ಏನಾಯಿತು' ಎಂಬುದನ್ನು. 'ಯಾಕಾಯಿತು' ಎಂಬುದಕ್ಕೆ ದಿನ ಬೇಕು. 2010ರ ಡಿಸೆಂಬರ್ 25ರ ಎಫ್06 ನೋಡಿ. ಹೊರಟು 47 ಸೆಕೆಂಡು ದಾಟುತ್ತಿದ್ದಂತೆ ಕ್ರಯೋಜೆನಿಕ್ ಹಂತದ ಬುಡದ ಹತ್ತಿರವಿದ್ದ 10 ಕನೆಕ್ಟರುಗಳು ಕಿತ್ತುಬಂದವು. ಮೇಲಿನ ಕಂಪ್ಯೂಟರಿನಿಂದ ಕೆಳಗಿನ ಎಂಜಿನ್‌ಗಳಿಗೆ ಅಪ್ಪಣೆ ಹೋಗುವ ತಂತಿಗಳು ಅವುಗಳಲ್ಲಿದ್ದವು. ಅವು ಬಿಚ್ಚಿಕೊಳ್ಳಬೇಕಾದದ್ದು 292ನೇ ಸೆಕೆಂಡಿನಲ್ಲಿ. ತಲೆಯಿಂದ ಕೈಕಾಲಿಗೆ ನರ ಕಡಿದಂತಾಯಿತು. 'ಕನೆಕ್ಟರ್ ಕಿತ್ತಿತು' ಎಂದು ಮೊದಲ ವಾರವೇ ಬರೆದು ಮುಗಿಸಬಹುದಿತ್ತು. ಮುಗಿಸಿದ್ದರೆ ಗಟ್ಟಿ ಕನೆಕ್ಟರ್ ಹಾಕಿ ಮತ್ತೆ ಹಾರಿಸುತ್ತಿದ್ದರು. ಯಾಕೆ ಕಿತ್ತಿತು ಎಂದು ಕೆದಕಿದಾಗ ಆ ಹಂತದ ಸುತ್ತಲಿನ ಹೊದಿಕೆ ಗಾಳಿಯ ಒತ್ತಡಕ್ಕೆ ರೂಪ ಕೆಟ್ಟು ಕನೆಕ್ಟರುಗಳನ್ನು ಎಳೆದಿತ್ತು ಎಂಬ ಕಡೆಗೆ ದಾರಿ ಹೋಯಿತು. ರೋಗ ಹೊದಿಕೆಯಲ್ಲಿ, ನೋವು ಕನೆಕ್ಟರಿನಲ್ಲಿ.

ರಾಕೆಟ್ಟನ್ನು ಬೇಕಂತಲೇ ಸ್ಫೋಟಿಸುತ್ತಾರೆ ಅನ್ನುವುದು ನಿಜವೇ?

ನಿಜ. ದಾರಿ ತಪ್ಪಿದ ರಾಕೆಟ್ ಊರಿನ ಮೇಲೆ ಬೀಳಬಾರದು. ಅದನ್ನು ನೋಡಿಕೊಳ್ಳಲೆಂದೇ ಒಬ್ಬ ಸುರಕ್ಷತಾ ಅಧಿಕಾರಿ ಇರುತ್ತಾರೆ. ಎಫ್06ಕ್ಕೆ 64 ಸೆಕೆಂಡಿನ ಹೊತ್ತಿಗೆ ಆ ಆಜ್ಞೆ ಹೋಯಿತು.

ಶಬ್ದದಿಂದಲೂ ದೋಷ ಪತ್ತೆಯಾಗುತ್ತದಂತೆ, ಹೇಗೆ?

ಇದು ನಮ್ಮ ಸೀಮೆಯವರಿಗೆ ಹೊಸದಲ್ಲ. ಕೋಲಾರ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿಯುತ್ತಿತ್ತು, ಕಾರ್ಮಿಕರ ಜೀವ ತೆಗೆಯುತ್ತಿತ್ತು. ಸಿಡಿದದ್ದು ಎಲ್ಲಿ ಎಂದು ತಿಳಿಯಲು ಅಲ್ಲಲ್ಲಿ ನೆಲದ ಅದುರು ಹಿಡಿಯುವ ಜಿಯೋಫೋನ್ ಇಟ್ಟಿದ್ದರು. ಸಿಡಿತದ ಅಲೆ ಒಂದಕ್ಕೆ ಮೊದಲು, ಇನ್ನೊಂದಕ್ಕೆ ಸ್ವಲ್ಪ ತಡವಾಗಿ ಮುಟ್ಟುತ್ತದೆ. ಆ ತಡದ ಲೆಕ್ಕದಿಂದ ಜಾಗ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಭೂಕಂಪಮಾಪಕಗಳ ಸಾಲೂ ಇದೇ ತತ್ವದ್ದು. 1960ರ ದಶಕದಿಂದ ಅದು ದೂರದೇಶಗಳ ಭೂಗತ ಅಣುಸ್ಫೋಟಗಳಿಗೆ ಕಿವಿಗೊಟ್ಟು ಕೂತಿದೆ.

2015ರ ಜೂನ್ 28ರಂದು ಅಮೆರಿಕದಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಹೊರಟ 139 ಸೆಕೆಂಡಿಗೆ ಛಿದ್ರವಾಯಿತು. ಮೊದಲ ಸುಳಿವಿನಿಂದ ದತ್ತಾಂಶ ನಿಲ್ಲುವವರೆಗೆ ಒಂದು ಸೆಕೆಂಡೂ ಇರಲಿಲ್ಲ. ಅವರು ಮಾಡಿದ್ದೂ ಇದನ್ನೇ. ರಾಕೆಟ್ಟಿನ ಬೇರೆ ಬೇರೆ ಕಡೆಯ ಕಂಪನಮಾಪಕಗಳಿಗೆ ಆ 'ಟಕ್' ಯಾವಾಗ ಮುಟ್ಟಿತು ಎಂದು ಹೋಲಿಸಿ, ಎರಡನೇ ಹಂತದ ಆಮ್ಲಜನಕದ ಟ್ಯಾಂಕಿನೊಳಗೆ ಹೀಲಿಯಂ ಸಿಲಿಂಡರನ್ನು ಹಿಡಿದಿದ್ದ ಒಂದು ಆಧಾರದ ಕಂಬಿಯತ್ತ ಬೆರಳು ತೋರಿಸಿದರು. 4,500 ಕಿಲೋ ತಡೆಯಬೇಕಾದದ್ದು ಅದರ ಐದನೇ ಒಂದು ಭಾಗಕ್ಕೇ ಮುರಿದಿತ್ತು. ಕಂಪನಿ ವಸ್ತುವಿನ ದೋಷ ಎಂದಿತು. ನಾಸಾದ ಪ್ರತ್ಯೇಕ ಪರಿಶೀಲನೆ ಇನ್ನೊಂದು ಮಾತು ಸೇರಿಸಿತು: ಸಾಮಾನ್ಯ ಕೈಗಾರಿಕಾ ದರ್ಜೆಯ ಭಾಗವನ್ನು ಅಲ್ಲಿ ಬಳಸಲು ತೀರ್ಮಾನಿಸಿದ್ದೇ ವಿನ್ಯಾಸದ ತಪ್ಪು. ನಾನು ನಾಸಾದ ಮಾತಿಗೇ ಸೈ. ಕಂಬಿ ತಾನಾಗಿ ಅಲ್ಲಿಗೆ ನಡೆದು ಹೋಗಿರಲಿಲ್ಲ.

ಎಲ್ಲ ಭಾಗ ಸರಿಯಿದ್ದೂ ಸಾಫ್ಟ್‌ವೇರಿನಿಂದ ಬೀಳಬಹುದೇ?

ಬೀಳಬಹುದು, ಬಿದ್ದಿವೆ. 1993ರ ಸೆಪ್ಟೆಂಬರ್ 20ರಂದು ನಮ್ಮ ಮೊಟ್ಟಮೊದಲ ಪಿಎಸ್‌ಎಲ್‌ವಿ ಬಂಗಾಳ ಕೊಲ್ಲಿಗೆ ಬಿದ್ದದ್ದರ ಹಿಂದೆ ನಿಯಂತ್ರಣ ಪ್ರೋಗ್ರಾಮಿನ ಒಂದು ತಪ್ಪಿತ್ತು. 1996ರ ಜೂನ್ 4ರಂದು ಯುರೋಪಿನ ಮೊದಲ ಏರಿಯಾನ್-5 ಅರ್ಧ ನಿಮಿಷ ದಾಟುವಷ್ಟರಲ್ಲಿ ಚೂರಾಯಿತು. ಏರಿಯಾನ್-4ರಿಂದ ಹಾಗೇ ಎತ್ತಿಟ್ಟ ಪ್ರೋಗ್ರಾಮಿನಲ್ಲಿ 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ಗೆ ತುರುಕುವ ಒಂದು ಸಾಲಿತ್ತು. ಸೇರಿನಲ್ಲಿ ಕೊಳಗ ಅಳೆಯಲು ಹೋದಂತೆ, ಸಂಖ್ಯೆ ಉಕ್ಕಿ ಹರಿಯಿತು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಸಾಲು ಸರಿಯಾಗಿಯೇ ಇತ್ತು.

ನನಗೆ ಹೆಚ್ಚು ಹತ್ತಿರವಾದದ್ದು 2022ರ ಆಗಸ್ಟ್ 7ರಂದು ಹೊರಟ ಇಸ್ರೋದ ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿ-ಡಿ1. ಅದರಲ್ಲಿ ಸರ್ಕಾರಿ ಶಾಲೆಗಳ 750 ಹೆಣ್ಣುಮಕ್ಕಳು ಸೇರಿ ಮಾಡಿದ ಆಜಾದಿಸ್ಯಾಟ್ ಉಪಗ್ರಹ ಇತ್ತು. ಎರಡನೇ ಹಂತ ಬೇರ್ಪಡುವಾಗಿನ ಅದುರಿಗೆ ವೇಗವರ್ಧನೆ ಅಳೆಯುವ ಸೆನ್ಸರುಗಳು ಒಂದು ಕ್ಷಣ ಮಿತಿ ಮೀರಿದವು. ಸೆನ್ಸರುಗಳು ಕೆಟ್ಟಿರಲಿಲ್ಲ. ಆದರೆ ಕಂಪ್ಯೂಟರು ಕೆಟ್ಟವು ಎಂದು ತೀರ್ಮಾನಿಸಿ ಅವುಗಳ ಮಾತು ಕೇಳುವುದನ್ನೇ ಬಿಟ್ಟಿತು. 356 ಕಿ.ಮೀ. ಎತ್ತರದ ವೃತ್ತದ ಬದಲು ಒಂದು ಕಡೆ 356, ಇನ್ನೊಂದು ಕಡೆ ಬರೀ 76 ಕಿ.ಮೀ. ಎತ್ತರದ ಕಕ್ಷೆ ಸಿಕ್ಕಿತು. ಅಷ್ಟು ತಗ್ಗಿನಲ್ಲಿ ಗಾಳಿ ಎಳೆದು ಕೆಡವಿಬಿಡುತ್ತದೆ. ತನಿಖೆಯ ನಂತರ ಕಡಿಮೆ ಅದುರುವ ಬೇರ್ಪಡಿಕೆ ವ್ಯವಸ್ಥೆ ಹಾಕಿದರು, ತೀರ್ಮಾನಕ್ಕೆ ಮುಂಚೆ ಕಂಪ್ಯೂಟರು ಇನ್ನಷ್ಟು ಕಾಯುವಂತೆ ಮಾಡಿದರು. 2023ರ ಫೆಬ್ರವರಿ 10ರಂದು ಡಿ2 ಗೆದ್ದಿತು, ಆ ಮಕ್ಕಳ ಆಜಾದಿಸ್ಯಾಟ್-2ಕ್ಕೂ ಅದರಲ್ಲಿ ಜಾಗ ಕೊಟ್ಟಿದ್ದರು. ನಮ್ಮ ತರಗತಿಯ ಹುಡುಗಿಯರು ಅವತ್ತು ಕುಣಿದಾಡಿದರು.

ತಪ್ಪು ಮಾಡಿದವರಿಗೆ ಶಿಕ್ಷೆ ಆಗಬೇಡವೇ?

ಅಪ್ಪಂದಿರು ಹೆಚ್ಚಾಗಿ ಕೇಳುವ ಪ್ರಶ್ನೆ. ಎರಡು ಬಗೆ ಬೇರೆ ಮಾಡಿ ಹೇಳುತ್ತೇನೆ.

2013ರ ಜುಲೈ 2ರಂದು ರಷ್ಯಾದ ಪ್ರೋಟಾನ್ ರಾಕೆಟ್ ಎದ್ದ ಕೆಲವೇ ಸೆಕೆಂಡಿನಲ್ಲಿ ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ದಿಕ್ಕು ತಿರುಗುವ ವೇಗ ಅಳೆಯುವ ಮೂರು ಸೆನ್ಸರುಗಳನ್ನು ಉಲ್ಟಾ ಕೂರಿಸಿದ್ದರು. ಮೇಲೆ ಬಾಣದ ಗುರುತಿತ್ತು. ಕೂರದಿದ್ದಾಗ ಬಲವಂತವಾಗಿ ಒತ್ತಿ ಕೂರಿಸಿದ ಗುರುತು ಅವಶೇಷದ ತಟ್ಟೆಯ ಮೇಲೆ ಸಿಕ್ಕಿತು. 2020ರ ನವೆಂಬರಿನಲ್ಲಿ ಯುರೋಪಿನ ವೇಗಾ ರಾಕೆಟ್ಟಿನ ಕೊನೆಯ ಹಂತದಲ್ಲಿ ಕೇಬಲ್ಲುಗಳು ಅದಲುಬದಲಾಗಿ, ಬಲಕ್ಕೆ ತಿರುಗು ಎಂದರೆ ಎಡಕ್ಕೆ ತಿರುಗಿ ಎರಡು ಉಪಗ್ರಹ ಹೋದವು. ಇಂಥ ಕಡೆ ಒಬ್ಬ ಕೆಲಸಗಾರನನ್ನು ಮನೆಗೆ ಕಳಿಸಿದರೆ ಏನು ಸಿಗುತ್ತದೆ? ಉಲ್ಟಾ ಕೂರಲು ಬರುವಂತೆ ಆ ಭಾಗ ಯಾಕಿತ್ತು, ಕೂರಿಸಿದ ಮೇಲೆ ಉಲ್ಟಾ ಎಂದು ತೋರಿಸುವ ಪರೀಕ್ಷೆ ಯಾಕಿರಲಿಲ್ಲ ಎಂಬ ಪ್ರಶ್ನೆಗಳು ಅವನ ಜೊತೆಗೇ ಗೇಟು ದಾಟಿ ಹೋಗುತ್ತವೆ. ಹೆದರಿಸಿದ ಕಡೆ ಜನ ಬಾಯಿ ಬಿಡುವುದಿಲ್ಲ. ಮೂರು ದಿನ ನಾವು ಆ ಲೇತ್ ಹುಡುಗನ ಮೇಲೆ ಕಣ್ಣಿಟ್ಟಾಗ ಶಿಫ್ಟಿನಲ್ಲಿ ಯಾರೂ ನಮ್ಮೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ.

ಇನ್ನೊಂದು ಬಗೆ ಬೇರೆಯೇ. ನಾಸಾದ ಎರಡು ಉಪಗ್ರಹಗಳು, 2009ರಲ್ಲಿ ಒಂದು, 2011ರಲ್ಲಿ ಒಂದು, ಟಾರಸ್ ಎಕ್ಸ್‌ಎಲ್ ರಾಕೆಟ್ಟಿನ ಮೂತಿಯ ಕವಚ ಬಿಚ್ಚಿಕೊಳ್ಳದೆ ನಾಶವಾದವು. 70 ಕೋಟಿ ಡಾಲರಿಗೂ ಹೆಚ್ಚು ನಷ್ಟ. ವರ್ಷಗಟ್ಟಲೆ ಬೆನ್ನು ಹತ್ತಿ 2019ರಲ್ಲಿ ನಾಸಾ ಹೇಳಿತು: ಬೇರ್ಪಡಿಕೆಯ ಜಾಗಕ್ಕೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟ ಕಂಪನಿ ಬಲಪರೀಕ್ಷೆಯ ಸರ್ಟಿಫಿಕೇಟುಗಳಲ್ಲಿ ಸುಳ್ಳು ಅಂಕಿ ಬರೆಯುತ್ತಿತ್ತು, ಅದೂ 19 ವರ್ಷ. ಕೈತಪ್ಪಿಗೆ ಕ್ಷಮೆ ಇರಲಿ, ಸುಳ್ಳು ಸಹಿಗೆ ಕಾನೂನೇ ಆಗಬೇಕು. ತುಮಕೂರಿನ ಶೆಡ್ಡುಗಳಲ್ಲಿ, ಮಾಲೂರು, ನರಸಾಪುರಗಳಲ್ಲಿ ಈಗ ಎಷ್ಟೋ ಮಕ್ಕಳು ಇನ್ಸ್‌ಪೆಕ್ಷನ್ ಟೇಬಲ್ಲಿಗೆ ಹೊಸದಾಗಿ ಬಂದು ಕೂತಿದ್ದಾರೆ. ಗಾಡಿ ಕಾಯುತ್ತಿದೆ, ಬೇಗ ಅಂಕಿ ತುಂಬು ಎನ್ನುವವರು ಸಂಜೆ ಐದಕ್ಕೆ ಬಂದೇ ಬರುತ್ತಾರೆ. ಅಳೆಯದೆ ತುಂಬಬೇಡಿ ಮಕ್ಕಳೇ.

ಎಚ್ಚರಿಕೆ ಮೊದಲೇ ಸಿಕ್ಕಿರುವುದಿಲ್ಲವೇ?

ಕೆಲವೊಮ್ಮೆ ಸಿಕ್ಕಿರುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ 73 ಸೆಕೆಂಡಿಗೆ ಚೂರಾಗಿ ಏಳು ಜನ ಸತ್ತರು. ಚಳಿಗೆ ಪಕ್ಕದ ಬೂಸ್ಟರ್ ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ರಿಂಗು ಗಡುಸಾಗಿ ಬಿಸಿ ಅನಿಲ ನುಸುಳಿತ್ತು. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಬೇಡ ಎಂದಿದ್ದರು. ತನಿಖಾ ಆಯೋಗದ ಸದಸ್ಯ ರಿಚರ್ಡ್ ಫೈನ್ಮನ್ ಎಲ್ಲರೆದುರು ಐಸ್ ನೀರಿನ ಲೋಟದಲ್ಲಿ ಆ ರಬ್ಬರ್ ತುಣುಕನ್ನು ಅದ್ದಿ ತೋರಿಸಿದರು. ನಾನು ಇದನ್ನು ತರಗತಿಯಲ್ಲಿ ಹಳೆಯ ಕುಕ್ಕರ್ ಗ್ಯಾಸ್ಕೆಟ್ಟಿನ ಚೂರಿನಿಂದ ಮಾಡಿಸುತ್ತೇನೆ. ಫ್ರೀಜರಿನಿಂದ ತೆಗೆದದ್ದನ್ನೂ ಬಿಸಿಲಲ್ಲಿಟ್ಟದ್ದನ್ನೂ ಮಕ್ಕಳು ಬೆರಳಲ್ಲಿ ಒತ್ತಿ ನೋಡುತ್ತಾರೆ.

ರಾಹುಕಾಲ ನೋಡದೆ ಹಾರಿಸಿದ್ದಕ್ಕೆ ಹೀಗಾಯಿತು ಎನ್ನುತ್ತಾರಲ್ಲ?

ನಂಬಿಕೆ ಅವರವರದು, ನಾನೂ ಸಿದ್ಧಗಂಗೆಗೆ ಹೋಗುವವನೇ. ಆದರೆ ದೋಷವೃಕ್ಷದ ಕೊಂಬೆಯಾಗಬೇಕಾದರೆ ಅಳೆಯಲು ಬರಬೇಕು, ಪರೀಕ್ಷೆಯಲ್ಲಿ ಮತ್ತೆ ಹುಟ್ಟಿಸಲು ಬರಬೇಕು. ರಾಹುಕಾಲ ಎರಡಕ್ಕೂ ಸಿಗುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಪ್ರಶ್ನಿಸದೆ ಒಪ್ಪಬೇಡಿ ಎಂದು ಬದುಕಿಡೀ ಹೇಳಿದರು, ಈ ಕೆಲಸಕ್ಕೂ ಅದು ಸಲ್ಲುತ್ತದೆ.

ವರದಿಯನ್ನು ಜನರಿಗೆ ತೋರಿಸಬೇಕೇ?

ತೋರಿಸಬೇಕು. ದೇಶದ ರಕ್ಷಣೆಗೆ ಸಂಬಂಧಿಸಿದ ವಿವರ ಮುಚ್ಚಿಟ್ಟುಕೊಳ್ಳಲಿ, ಅದನ್ನು ಒಪ್ಪುತ್ತೇನೆ. ಆದರೆ ಎಫ್02, ಎಫ್06, ಎಫ್10, ಎಸ್‌ಎಸ್‌ಎಲ್‌ವಿ-ಡಿ1 ಇವುಗಳ ಕಾರಣವನ್ನು ಇಸ್ರೋ ಸರಳ ಮಾತಿನಲ್ಲಿ ಹೊರಗೆ ಹೇಳಿತು, ಅದರಿಂದ ಅದರ ಮರ್ಯಾದೆ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 1979ರ ಆಗಸ್ಟ್ 10ರಂದು ಮೊದಲ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಆಗಿನ ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತರು, ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ತಳ್ಳಲಿಲ್ಲ. ಎರಡನೇ ಹಂತದ ಒಂದು ವಾಲ್ವ್ ಮುಚ್ಚಿಕೊಳ್ಳದೆ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಮುಂದಿನ ವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮೈಕ್ ಮುಂದೆ ಕೂತದ್ದು ಕಲಾಂ. ಪ್ರತಿ ವೈಫಲ್ಯಕ್ಕೂ ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ಎರಡು ಪುಟದ ಸಾರಾಂಶ ಬರಬೇಕು ಎಂಬುದು ನನ್ನ ಆಸೆ. ವಾಲ್ವ್ ತಿರುಗಿಸುವ ಹುಡುಗನಿಗೂ ಅದು ಓದಲು ಸಿಗಬೇಕು.

ನನ್ನ ಮಗಳಿಗೆ ಇಂಥ ಕೆಲಸ ಮಾಡುವ ಆಸೆ, ಏನು ಓದಿಸಲಿ?

ರಾಕೆಟ್ ಎಂದರೆ ಏರೋಸ್ಪೇಸ್ ಒಂದೇ ಎಂದುಕೊಳ್ಳಬೇಡಿ. ಮುರಿದ ಲೋಹ ಓದುವವರು ಮೆಟಲರ್ಜಿಯವರು, ಸೆನ್ಸರ್ ಓದುವವರು ಇನ್‌ಸ್ಟ್ರುಮೆಂಟೇಷನ್‌ನವರು. ಡಿಪ್ಲೊಮಾ, ಐಟಿಐ ಮಾಡಿದವರಿಗೂ ಇಸ್ರೋದಲ್ಲಿ ತಂತ್ರಜ್ಞರ ಹುದ್ದೆಗಳಿವೆ. ನಮ್ಮೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಜಾಗವೇ ಇಸ್ರೋಗೆ ಹೋಗಿದೆ, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿದೆ. ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದು ಸರಿಯಾಗಿ ಓದಲು ಇವತ್ತೇ ಕಲಿಸಿ. ನಮ್ಮ ತರಗತಿಗೆ ಕಳಿಸಿದರೂ ಆಯಿತು.

ಮಕ್ಕಳನ್ನು ಉಡಾವಣೆ ನೋಡಲು ಕರೆದುಕೊಂಡು ಹೋಗಬಹುದೇ?

ಹೋಗಬಹುದು. 2019ರಿಂದ ಶ್ರೀಹರಿಕೋಟಾದಲ್ಲಿ ಜನ ಕೂತು ನೋಡುವ ಗ್ಯಾಲರಿ ಇದೆ. ಇಸ್ರೋ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು, ಗುರುತಿನ ಚೀಟಿ ಬೇಕು. ನಮ್ಮ ಕಡೆಯಿಂದ ಬೆಂಗಳೂರು, ಕೋಲಾರ, ಮುಳಬಾಗಿಲು, ಚಿತ್ತೂರು, ತಿರುಪತಿ ಮೇಲೆ ಸೂಳ್ಳೂರುಪೇಟೆಗೆ ರಸ್ತೆ. ವಾಪಸ್ ಬರುವ ದಿನ ಗಟ್ಟಿ ಮಾಡಿಕೊಂಡು ಹೋಗಬೇಡಿ. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5 ಹೊರಡಲು 74 ನಿಮಿಷವಿದ್ದಾಗ ಎರಡನೇ ಹಂತದಲ್ಲಿ ಇಂಧನ ಸೋರುವುದು ಕಂಡು ನಿಲ್ಲಿಸಿದರು, ಮತ್ತೆ ಹಾರಿದ್ದು 2014ರ ಜನವರಿ 5ಕ್ಕೆ. ಹಾಗೇನಾದರೂ ನಿಂತರೆ ಮಕ್ಕಳ ಮುಂದೆ ಬೇಸರ ಮಾಡಿಕೊಳ್ಳಬೇಡಿ, ಅವತ್ತು ಸೋರುವುದನ್ನು ಕಂಡವರ ಬಗ್ಗೆ ಹೇಳಿ.